ಕಣ್ಣು ಮುಚ್ಚಿ ಕೇಳಬೇಕಾದ ಕಥೆ

ಕಳೆದ ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಎಲೆ ಅಡಕೆಯ ತಟ್ಟೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದ ವೇಳೆಯಲ್ಲಿ ನಮ್ಮ ಮನೆಯ ಒಂಬತ್ತು ವರ್ಷದ ಮೊಮ್ಮಗನು ತಾನು ಬರೆದ ಚಿತ್ರವೊಂದನ್ನು ತಂದು ನನ್ನ ಮುಂದೆ ಹಿಡಿದನು. ಚಪ್ಪಟೆಯಾದ ತಲೆ, ಹೊಲಿಗೆ ಹಾಕಿದ ಹಣೆ, ಕತ್ತಿನ ಎರಡು ಪಕ್ಕಗಳಲ್ಲಿಯೂ ಕಬ್ಬಿಣದ ಮೊಳೆ, ಹಸುರು ಬಣ್ಣದ ಮೈ. ಕೆಳಗೆ ದಪ್ಪ ಅಕ್ಷರಗಳಲ್ಲಿ 'ಫ್ರಾಂಕೆನ್‌ಸ್ಟೈನ್' ಎಂದು ಬರೆದಿತ್ತು.

"ಚಿತ್ರ ಬಹಳ ಚೆನ್ನಾಗಿದೆ. ಆದರೆ ಆ ಹೆಸರು ಇವನದಲ್ಲಪ್ಪ, ಇವನನ್ನು ಮಾಡಿದವನದು" ಎಂದೆನು.

"ಹಾಗಾದರೆ ಇವನ ಹೆಸರೇನು ತಾತ?"

"ಇವನಿಗೆ ಹೆಸರೇ ಇಲ್ಲ."

"ಯಾಕೆ? ಯಾರೂ ಇಡಲಿಲ್ಲವೇ?"

"ಇಡಲಿಲ್ಲ" ಎಂದಷ್ಟೇ ಹೇಳಿ ಅವನನ್ನು ಆಟಕ್ಕೆ ಕಳುಹಿಸಿದೆನು. ಆದರೆ ಪ್ರಶ್ನೆ ಮಾತ್ರ ಹುಡುಗನೊಡನೆ ಹೊರಟುಹೋಗಲಿಲ್ಲ. ಕಾಲೇಜಿನ ದಿನಗಳಲ್ಲಿ ಓದಿ ಅನಂತರ ಅಟ್ಟಕ್ಕೆ ಏರಿಸಿದ್ದ ಆ ಗ್ರಂಥವನ್ನು ಅಂದು ಸಂಜೆ ಕೆಳಗಿಳಿಸಿ, ಧೂಳು ಕೊಡವಿ, ಮತ್ತೆ ಓದಲು ತೊಡಗಿದೆನು. ಭಯಂಕರ ಕಥೆಯೆಂದು ಲೋಕವೆಲ್ಲ ಹೇಳುವ ಆ ಪುಸ್ತಕವನ್ನು ಮೂರನೆಯ ರಾತ್ರಿ ಮುಗಿಸಿ ದೀಪವಾರಿಸಿದಾಗ ನನ್ನ ಮನಸ್ಸಿನಲ್ಲಿ ಭಯವೆಂಬುದು ಲವಲೇಶವೂ ಇರಲಿಲ್ಲ. ಉಳಿದಿದ್ದುದು ಒಂದು ಬಗೆಯ ಸಂಕಟ. ಅದನ್ನೇ ಈ ವಾರ ವಾಚಕರೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಕಥೆ ಹುಟ್ಟಿದ ಬಗೆಯೇ ವಿಚಿತ್ರವಾದುದು. 1815ರ ಏಪ್ರಿಲ್ ತಿಂಗಳಲ್ಲಿ, ಇಂದಿನ ಇಂಡೊನೇಷ್ಯಕ್ಕೆ ಸೇರಿದ ಸುಂಬಾವಾ ದ್ವೀಪದಲ್ಲಿ ತಂಬೋರಾ ಎಂಬ ಅಗ್ನಿಪರ್ವತವು ಸಿಡಿಯಿತು. ಅದು ಆಕಾಶಕ್ಕೆ ಚಿಮ್ಮಿಸಿದ ಸೂಕ್ಷ್ಮ ಕಣಗಳು ಸೂರ್ಯನ ಶಾಖವನ್ನು ತಡೆದುದರಿಂದ ಮರುವರ್ಷ ಯೂರೋಪಿಗೆ ಬೇಸಗೆಯೇ ಬಾರದಂತಾಯಿತು. ಆ 1816ರ ಜೂನ್ ತಿಂಗಳಲ್ಲಿ ಜಿನೀವಾ ಸರೋವರದ ದಡದ ಒಂದು ಬಂಗಲೆಯಲ್ಲಿ ಕವಿ ಬೈರನ್ ತಂಗಿದ್ದನು. ಕವಿ ಪರ್ಸಿ ಶೆಲ್ಲಿಯೂ ಅವನೊಡನಿದ್ದ ಹದಿನೆಂಟು ವರ್ಷದ ಮೇರಿಯೂ ಅಲ್ಲಿಗೆ ಹೋಗಿಬರುತ್ತಿದ್ದರು. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಬೆಂಕಿಯ ಸುತ್ತ ದೆವ್ವದ ಕಥೆಗಳ ವಾಚನ. ನಾವೂ ಒಬ್ಬೊಬ್ಬರು ಒಂದೊಂದು ಕಥೆ ಬರೆಯೋಣವೆಂದು ಬೈರನ್ ಸೂಚಿಸಿದನು. ಹೆಸರಾಂತ ಕವಿಗಳಿಬ್ಬರೂ ಆರಂಭಿಸಿದುದನ್ನು ಅರ್ಧಕ್ಕೇ ಕೈಬಿಟ್ಟರು. ಹದಿನೆಂಟರ ತರುಣಿ ಬರೆದುದು ಎರಡು ಶತಮಾನಗಳಾಚೆಗೂ ಬಾಳಿತು.

1818ರ ಜನವರಿ 1ರಂದು ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ, ಕೇವಲ 500 ಪ್ರತಿಗಳಲ್ಲಿ ಈ ಕಾದಂಬರಿ ಹೊರಬಂದಿತು. ಅದರ ಮೇಲೆ ಲೇಖಕಿಯ ಹೆಸರಿರಲಿಲ್ಲ. ಪರ್ಸಿ ಶೆಲ್ಲಿಯೇ ಬರೆದಿರಬೇಕೆಂದು ಹಲವರು ಊಹಿಸಿದರು. 1823ರ ಮುದ್ರಣದಲ್ಲಿ ಮಾತ್ರವೇ ಮೇರಿ ಶೆಲ್ಲಿಯ ಹೆಸರು ಮೊದಲ ಬಾರಿಗೆ ಕಾಣಿಸಿಕೊಂಡಿತು. ಹೀಗೆ ಹೆಸರಿಲ್ಲದವನ ಕಥೆಯು ಹೆಸರಿಲ್ಲದೆಯೇ ಲೋಕಕ್ಕೆ ಕಾಲಿಟ್ಟಿತು.

ಇಷ್ಟು ಎಳೆಯ ವಯಸ್ಸಿನ ಹುಡುಗಿಗೆ ಇಂತಹ ಕಥೆ ಹೊಳೆದುದು ಹೇಗೆಂದು ಜನರು ಬೆರಗಾಗುತ್ತಾರೆ. ಅವಳ ಜೀವನವನ್ನು ಬಲ್ಲವರಿಗೆ ಅಷ್ಟು ಬೆರಗಾಗದು. ಮೇರಿ ಹುಟ್ಟಿದುದು 1797ರ ಆಗಸ್ಟ್ 30ರಂದು. ಹನ್ನೊಂದು ದಿನಗಳಲ್ಲಿಯೇ ತಾಯಿ ತೀರಿಕೊಂಡಳು. ಹದಿನಾರನೆಯ ವಯಸ್ಸಿನಲ್ಲಿ, ಆಗಲೇ ವಿವಾಹಿತನಾಗಿದ್ದ ಶೆಲ್ಲಿಯೊಡನೆ ಅವಳು ಮನೆ ಬಿಟ್ಟು ಹೋದಾಗ, ಸ್ವಾತಂತ್ರ್ಯವನ್ನು ಕುರಿತು ಗ್ರಂಥಗಳನ್ನೇ ಬರೆದಿದ್ದ ತಂದೆ ವಿಲಿಯಂ ಗಾಡ್ವಿನ್ ಮಗಳ ಮುಖವನ್ನು ನೋಡಲು ಒಪ್ಪಲಿಲ್ಲ. 1816ರ ಡಿಸೆಂಬರಿನಲ್ಲಿ ವಿವಾಹವಾಗುವವರೆಗೂ ಆ ಬಾಗಿಲು ಮುಚ್ಚಿಯೇ ಇತ್ತು. ತಂದೆಯಿಂದ ದೂರವಾದ ಮಗಳು ಬರೆದ ಈ ಗ್ರಂಥವನ್ನು ಆ ತಂದೆಗೇ ಅರ್ಪಿಸಿದ್ದಾಳೆಂಬುದನ್ನು ಗಮನಿಸಬೇಕು.

ಇದಕ್ಕಿಂತಲೂ ಮನ ಕರಗಿಸುವ ಸಂಗತಿಯೊಂದಿದೆ. 1815ರ ಫೆಬ್ರವರಿಯಲ್ಲಿ ಮೇರಿಗೆ ಅವಧಿಗೆ ಮುನ್ನವೇ ಹೆಣ್ಣು ಮಗುವೊಂದು ಹುಟ್ಟಿ ಎರಡು ವಾರ ಕಳೆಯುವುದರೊಳಗೆ ತೀರಿಕೊಂಡಿತು. ಆ ಕೂಸಿಗೆ ಹೆಸರಿಟ್ಟುದಕ್ಕೆ ದಾಖಲೆಯಿಲ್ಲ. ಕೆಲವು ದಿನಗಳಾದ ಮೇಲೆ ಅವಳು ತನ್ನ ದಿನಚರಿಯಲ್ಲಿ ಒಂದು ಕನಸನ್ನು ಬರೆದುಕೊಂಡಳು. ಮಗು ಸತ್ತಿರಲಿಲ್ಲವಂತೆ, ಚಳಿಗೆ ಮೈ ತಣ್ಣಗಾಗಿತ್ತಷ್ಟೇ. ಒಲೆಯ ಮುಂದೆ ಹಿಡಿದು ಮೈಯುಜ್ಜಿದಾಗ ಮತ್ತೆ ಜೀವ ಬಂದಿತಂತೆ. ಎಚ್ಚೆತ್ತು ನೋಡಿದರೆ ಮಗುವಿಲ್ಲ. ಈ ಕನಸು ಬಿದ್ದ ಮರುವರ್ಷವೇ ಅವಳು, ನಿರ್ಜೀವವಾದ ದೇಹಕ್ಕೆ ಜೀವ ಬರಿಸಿದವನೊಬ್ಬನ ಕಥೆಯನ್ನು ಆರಂಭಿಸಿದಳು. ತಾನು ಯಾವುದನ್ನು ಪಡೆಯಲು ಏನನ್ನಾದರೂ ಕೊಡುತ್ತಿದ್ದಳೋ ಅದನ್ನೇ ಪಡೆದು ಬಿಸುಟು ಓಡಿದವನನ್ನು ಅವಳು ಚಿತ್ರಿಸಿದಳು.

ಆ ಓಟದ ಪ್ರಸಂಗವನ್ನು ನೆನೆಯಿರಿ. ಜಿನೀವಾದ ಸಂಪನ್ನ ಮನೆತನದ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಎಂಬ ತರುಣನು ಜರ್ಮನಿಯ ಇಂಗೋಲ್‌ಸ್ಟಾಟ್ ಪಟ್ಟಣದಲ್ಲಿ ವಿದ್ಯಾರ್ಥಿ. ಸುಮಾರು ಎರಡು ವರ್ಷ ನಿದ್ರಾಹಾರಗಳನ್ನು ಬಿಟ್ಟು, ಸ್ಮಶಾನಗಳಲ್ಲಿ ಅಲೆದು, ಅವಯವಗಳನ್ನು ಕೂಡಿಸುತ್ತಾನೆ. ಚಿಕ್ಕ ಅಂಗಗಳನ್ನು ರೂಪಿಸಲು ಕಾಲ ಹೆಚ್ಚು ಹಿಡಿಯುವುದೆಂದು ಎಂಟು ಅಡಿಯ ದೇಹವನ್ನು ನಿರ್ಮಿಸುತ್ತಾನೆ. ಯಾವ ದೈತ್ಯಾಕಾರವನ್ನು ಕಂಡು ಲೋಕವು ಮುಂದೆ ಅಂಜಿತೋ ಅದಕ್ಕೆ ಮೂಲ ಕಾರಣ, ನಿರ್ಮಿಸಿದವನ ಆತುರ. ನವೆಂಬರ್ ತಿಂಗಳ ಮಳೆಯ ರಾತ್ರಿಯಲ್ಲಿ ಆ ದೇಹವು ಕಣ್ಣು ತೆರೆಯುತ್ತದೆ. ವಿಕ್ಟರನು ಅಸಹ್ಯಪಟ್ಟು ತನ್ನ ಕೋಣೆಗೆ ಓಡಿಹೋಗಿ ಮಲಗುತ್ತಾನೆ. ಎಚ್ಚರವಾದಾಗ ಆ ಜೀವಿಯು ಹಾಸಿಗೆಯ ಪರದೆಯನ್ನು ಸರಿಸಿ ನಿಂತಿದೆ. ಬಾಯಲ್ಲಿ ಏನೋ ಅಸ್ಪಷ್ಟವಾದ ಶಬ್ದ. ಕೆನ್ನೆಯಲ್ಲಿ ನಗೆಯಂತಹ ಒಂದು ಸುಕ್ಕು. ಮುಂದಕ್ಕೆ ಚಾಚಿದ ಒಂದು ಕೈ.

ತೊಟ್ಟಿಲು ತೂಗಿದ ತಾಯಂದಿರಿಗೆ ಈ ಮೂರರ ಅರ್ಥವನ್ನು ನಾನು ವಿವರಿಸಬೇಕಾಗಿಲ್ಲ. ತೊದಲು, ನಗೆ, ಎತ್ತಿಕೊಳ್ಳೆಂದು ಚಾಚಿದ ಕೈ. ಯಾವ ಮಗುವಾದರೂ ಮಾಡುವುದು ಇದನ್ನೇ. ವಿಕ್ಟರನು ಮೆಟ್ಟಲಿಳಿದು ಅಂಗಳಕ್ಕೆ ಓಡಿದನು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ನಮ್ಮ ಗಾದೆಯು ಆ ಮನೆಯಲ್ಲಿ ಸುಳ್ಳಾಯಿತು. ನಮ್ಮ ಪುರಾಣದ ಕರ್ಣನನ್ನೂ ತಾಯಿಯು ಹೊಳೆಯಲ್ಲಿ ತೇಲಿಬಿಟ್ಟಳು. ಆದರೆ ಅವನನ್ನು ಎತ್ತಿಕೊಳ್ಳಲು ರಾಧೆಯೊಬ್ಬಳಿದ್ದಳು, ಅದರಿಂದ ಅವನಿಗೆ ರಾಧೇಯನೆಂಬ ಹೆಸರಾದರೂ ದೊರೆಯಿತು. ಇವನನ್ನು ಎತ್ತಿಕೊಳ್ಳಲು ಯಾವ ರಾಧೆಯೂ ಬರಲಿಲ್ಲ.

ಇಲ್ಲಿಂದ ಮುಂದಿನ ಕಥೆಯನ್ನು ಕಾದಂಬರಿಯಲ್ಲಿ ಹೇಳುವವನು ಆ ಜೀವಿಯೇ. ಇಂದು ಸಾಮಾನ್ಯವಾಗಿ ಓದುವ 1831ರ ಆವೃತ್ತಿಯಲ್ಲಿ ನಟ್ಟನಡುವಿನ ಆರು ಅಧ್ಯಾಯಗಳು ಅವನ ಸ್ವಂತ ಬಾಯಿಂದಲೇ ಬಂದಿವೆ. ಕಾಡಿನಲ್ಲಿ ಹಸಿವು, ಚಳಿ; ಕಾರಣ ತಿಳಿಯದ ಅಳು. ಮರಗಳ ನಡುವೆ ಮೂಡಿದ ಚಂದ್ರನನ್ನು ಕಂಡು ಮೊದಲ ಸಂತೋಷ. ಅಲೆಮಾರಿಗಳು ಬಿಟ್ಟುಹೋದ ಬೆಂಕಿಯ ಬೆಚ್ಚಗನ್ನು ಕಂಡು ಹಿಗ್ಗಿ ಕೆಂಡಕ್ಕೆ ಕೈಯಿಟ್ಟು ಸುಟ್ಟುಕೊಳ್ಳುತ್ತಾನೆ. ಹಳ್ಳಿಯೊಂದಕ್ಕೆ ಹೋದರೆ ಕಲ್ಲೇಟು. ಕೊನೆಗೆ ಬಡ ಕುಟುಂಬವೊಂದರ ಕುಟೀರಕ್ಕೆ ಅಂಟಿಕೊಂಡಿದ್ದ ಹಂದಿಗೂಡಿನಂತಹ ಗುಡಿಸಲಿನಲ್ಲಿ ಅಡಗಿಕೊಂಡು, ಗೋಡೆಯ ಬಿರುಕಿನಿಂದ ಅವರ ಸಂಸಾರವನ್ನು ನೋಡುತ್ತಾನೆ.

ಆ ಮನೆಯಲ್ಲಿ ದ ಲಾಸೀ ಎಂಬ ಕುರುಡು ಮುದುಕ, ಮಗ ಫೀಲಿಕ್ಸ್, ಮಗಳು ಅಗಾಥಾ. ಮೊದಮೊದಲು ಅವನು ಅವರ ಆಹಾರದಲ್ಲಿ ಸ್ವಲ್ಪವನ್ನು ಕದಿಯುತ್ತಿದ್ದನು. ಮಕ್ಕಳು ತಾವು ಉಪವಾಸವಿದ್ದು ತಂದೆಗೆ ಬಡಿಸುತ್ತಾರೆಂಬುದು ತಿಳಿದೊಡನೆ ಕಳವನ್ನು ಬಿಟ್ಟು ಕಾಡಿನ ಗೆಡ್ಡೆ ಹಣ್ಣುಗಳಿಂದ ತೃಪ್ತನಾದನು. ಅಷ್ಟೇ ಅಲ್ಲ, ರಾತ್ರಿ ಹೊತ್ತು ಸೌದೆ ಕಡಿದು ತಂದು ಬಾಗಿಲಲ್ಲಿ ಒಟ್ಟುತ್ತಿದ್ದನು, ಹಿಮವನ್ನು ಸರಿಸಿ ದಾರಿ ಮಾಡುತ್ತಿದ್ದನು. ಬೆಳಗಾಗೆದ್ದು ಅವರು ಬೆರಗಾಗುವುದನ್ನು ಕಂಡು ಬಿರುಕಿನ ಹಿಂದೆ ಹಿಗ್ಗುತ್ತಿದ್ದನು. ಅವರ ಮಾತನ್ನು ಕದ್ದು ಕೇಳಿಯೇ ಭಾಷೆಯನ್ನು ಕಲಿತನು, ಓದನ್ನೂ ಕಲಿತನು. ಕಾಡಿನಲ್ಲಿ ಸಿಕ್ಕಿದ ಪೆಟ್ಟಿಗೆಯೊಂದರಲ್ಲಿ ಮೂರು ಗ್ರಂಥಗಳಿದ್ದವು: ಮಿಲ್ಟನ್ನನ ಮಹಾಕಾವ್ಯ, ಪ್ಲುಟಾರ್ಕನ ಜೀವನಚರಿತ್ರೆಗಳು, ಗಯಟೆಯ ವೆರ್ಥರ್ ಕಾದಂಬರಿ. ಅವನ ಅಂಗಿಯ ಜೇಬಿನಲ್ಲಿ ನಾಲ್ಕನೆಯದೂ ಒಂದಿದ್ದಿತು, ವಿಕ್ಟರನ ದಿನಚರಿ. ತನ್ನನ್ನು ಮಾಡಿದವನು ತನ್ನನ್ನು ಕುರಿತು ಎಷ್ಟು ಹೇಸಿದ್ದನೆಂಬುದನ್ನು ಅವನು ಅಕ್ಷರ ಕಲಿತು ಓದಿ ತಿಳಿದುಕೊಂಡನು.

ಕೊನೆಗೊಂದು ದಿನ, ಮಕ್ಕಳಿಲ್ಲದ ಸಮಯ ನೋಡಿ, ಅವನು ಆ ಮುದುಕನ ಬಾಗಿಲು ತಟ್ಟಿದನು. ಮುದುಕನು ಕುಳ್ಳಿರಿಸಿ ಮಾತಾಡಿಸಿದನು. ನಿನ್ನ ಮುಖ ನನಗೆ ಕಾಣದು, ಆದರೆ ನಿನ್ನ ಮಾತಿನಲ್ಲಿ ಪ್ರಾಮಾಣಿಕತೆಯಿದೆ ಎಂಬ ಭಾವದಿಂದ ಸಮಾಧಾನ ಹೇಳಿದನು. ಲೋಕದಲ್ಲಿ ಆ ಜೀವಿಗೆ ದೊರೆತ ಮೊದಲ ಒಳ್ಳೆಯ ಮಾತು ಅದು. ಅಷ್ಟರಲ್ಲಿ ಕಣ್ಣಿದ್ದವರು ಮನೆಗೆ ಬಂದರು. ಅಗಾಥಾ ಮೂರ್ಛೆ ಹೋದಳು. ಫೀಲಿಕ್ಸನು ದೊಣ್ಣೆಯಿಂದ ಹೊಡೆದನು. ಅವನನ್ನು ಸೀಳಿಹಾಕುವ ಶಕ್ತಿಯುಳ್ಳವನು ಕೈಯೆತ್ತದೆ ಹೊರಟುಹೋದನು. ವರ್ಷವಿಡೀ ಅವರ ಒಲೆಗೆ ಸೌದೆಯನ್ನು ಒದಗಿಸಿದವನು ಅವನೆಂಬುದು ಆ ಮಕ್ಕಳಿಗೆ ಎಂದೆಂದಿಗೂ ತಿಳಿಯಲಿಲ್ಲ.

ಇದರ ಮುಂದಿನದು ಬಹುಮಂದಿಗೆ ಗೊತ್ತಿರುವ ಭಾಗ. ನೀರಿನಲ್ಲಿ ಮುಳುಗುತ್ತಿದ್ದ ಹುಡುಗಿಯನ್ನು ಅವನು ಎತ್ತಿ ಬದುಕಿಸಿದನು. ಅದಕ್ಕೆ ಪ್ರತಿಯಾಗಿ ಗುಂಡೇಟು ತಿಂದನು. ಅನಂತರ ಅವನ ಹೃದಯವು ಕಲ್ಲಾಯಿತು. ವಿಕ್ಟರನ ತಮ್ಮ, ಎಳೆಯ ಬಾಲಕ ವಿಲಿಯಂನನ್ನು ಕೊಂದನು. ಆ ಕೊಲೆಯ ಕುರುಹನ್ನು ನಿರಪರಾಧಿಯಾದ ಜಸ್ಟೀನ್ ಎಂಬ ಮನೆಗೆಲಸದ ಹುಡುಗಿಯ ಉಡುಪಿನಲ್ಲಿ ಸೇರಿಸಿದನು, ಆಕೆ ನೇಣಿಗೇರಿದಳು. ತನಗೊಬ್ಬ ಜೊತೆಗಾತಿಯನ್ನು ನಿರ್ಮಿಸಿಕೊಟ್ಟರೆ ಮನುಷ್ಯರ ಕಣ್ಣಿಗೆ ಬೀಳದಂತೆ ದಕ್ಷಿಣ ಅಮೆರಿಕದ ಅರಣ್ಯಕ್ಕೆ ಹೊರಟುಹೋಗುವೆನೆಂದು ವಿಕ್ಟರನಲ್ಲಿ ಬೇಡಿದನು. ವಿಕ್ಟರನು ಒಪ್ಪಿ, ಅರ್ಧ ಮಾಡಿ, ಅವನ ಕಣ್ಣೆದುರಿಗೇ ಅದನ್ನು ಹರಿದುಹಾಕಿದನು. ಆ ಮೇಲೆ ವಿಕ್ಟರನ ಗೆಳೆಯ ಕ್ಲೆರ್ವಾಲನೂ ಮದುವೆಯ ರಾತ್ರಿಯೇ ಪತ್ನಿ ಎಲಿಜಬೆತ್ತಳೂ ಅವನ ಕೈಯಲ್ಲಿ ಸತ್ತರು.

ಇಂತಹವನ ಮೇಲೆ ಮರುಕವೇ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಜಸ್ಟೀನಳಿಗೆ ಯಾವ ಉತ್ತರ ಕೊಡುವುದು? ಪ್ರೀತಿ ಸಿಕ್ಕದವರೆಲ್ಲ ಕೊಲೆಗಾರರಾಗುವುದಿಲ್ಲ. ಅವನಷ್ಟೇ ಅನಾಥಳಾಗಿ ಜಸ್ಟೀನಳೂ ಬಾಳಿದ್ದಳು. ಅವಳ ಸ್ವಂತ ತಾಯಿಗೇ ಅವಳು ಬೇಡವಾಗಿದ್ದಳು. ಅವಳು ಯಾರ ಕೊರಳನ್ನೂ ಹಿಸುಕಲಿಲ್ಲ. ಆದುದರಿಂದ ಮರುಕವೆಂದರೆ ಲೆಕ್ಕವನ್ನು ಅಳಿಸಿಹಾಕುವುದಲ್ಲ. ಸತ್ತವರ ಹೆಸರುಗಳನ್ನು ಎಣಿಸುತ್ತಲೇ ಕೊಂದವನ ಮಾತನ್ನೂ ಕೊನೆಯವರೆಗೆ ಕೇಳುವುದೆಂದು ನಾನು ತಿಳಿದಿದ್ದೇನೆ. ಆ ಜೀವಿಯೇ ತನ್ನನ್ನು ಕ್ಷಮಿಸಿಕೊಳ್ಳುವುದಿಲ್ಲ. ತನ್ನ ಅಪರಾಧಗಳನ್ನು ಅವನು ನೆನೆಯುವಷ್ಟು ಹೇಸಿಕೆಯಿಂದ ಮತ್ತಾರೂ ನೆನೆಯರು.

ಈ ಬಾರಿ ಓದುವಾಗ ಹಿಂದೆಂದೂ ಕಾಣದಿದ್ದ ಒಂದು ಸೂಕ್ಷ್ಮ ನನಗೆ ಕಂಡಿತು. ಇಡೀ ಗ್ರಂಥದಲ್ಲಿ ಅವನ ಮಾತನ್ನು ಕುಳಿತು ಕೇಳಿದವರು ಮೂವರು. ಮೊದಲನೆಯವನು ದ ಲಾಸೀ, ಹುಟ್ಟುಗುಣದಿಂದ ದಯಾಳು, ಕಣ್ಣಿಲ್ಲದವನು. ಎರಡನೆಯವನು ವಿಕ್ಟರ್. ಆಲ್ಪ್ಸ್ ಪರ್ವತದ ಹಿಮನದಿಯ ಬಳಿ ಇಬ್ಬರೂ ಎದುರಾದಾಗ, ನಿನ್ನ ರೂಪವನ್ನು ನೋಡಲಾರೆನೆಂದು ವಿಕ್ಟರನು ಅರಚುತ್ತಾನೆ. ಆಗ ಆ ಜೀವಿಯು ತನ್ನ ಎರಡು ಅಂಗೈಗಳಿಂದ ವಿಕ್ಟರನ ಕಣ್ಣುಗಳನ್ನು ಮುಚ್ಚುತ್ತದೆ. ನೋಡಬೇಡ, ಕೇಳು ಎಂಬುದಷ್ಟೇ ಅದರ ಬೇಡಿಕೆ. ಮೂರನೆಯವನು ಉತ್ತರ ಧ್ರುವದತ್ತ ಹೊರಟ ಹಡಗಿನ ನಾಯಕ ವಾಲ್ಟನ್. ವಿಕ್ಟರನ ಶವದ ಬಳಿ ನಿಂತು ಅಳುತ್ತಿರುವ ಆ ರೂಪವನ್ನು ಕಂಡೊಡನೆ ಅವನು ತನಗರಿಯದೆಯೇ ಕಣ್ಣು ಮುಚ್ಚಿಕೊಳ್ಳುತ್ತಾನೆ; ಆ ಮೇಲೆ ಅವನನ್ನು ನಿಲ್ಲೆನ್ನುತ್ತಾನೆ. ಕನಿಕರವೂ ಕೋಪವೂ ಒಂದನ್ನೊಂದು ಅಟ್ಟುತ್ತಿರುವಾಗಲೇ ಕೇಳುತ್ತಾನೆ. ಹೊಡೆಯುವುದಿಲ್ಲ, ಮನ್ನಿಸುವುದೂ ಇಲ್ಲ. ಹೀಗೆ ಮೂವರು ಕೇಳುಗರು, ಮೂವರ ಕಣ್ಣೂ ಮುಚ್ಚಿದ್ದವು. ನಾಲ್ಕನೆಯ ಕೇಳುಗನು ಪುಸ್ತಕವನ್ನು ಹಿಡಿದ ಓದುಗನು. ಅವನಿಗೂ ಆ ಮುಖ ಕಾಣುವುದಿಲ್ಲ. ಅದರಿಂದಲೇ ಅವನ ಎದೆಗೆ ಮಾತು ತಾಗುತ್ತದೆ.

ಚಲಚ್ಚಿತ್ರಕ್ಕೆ ಈ ಅನುಕೂಲವಿಲ್ಲ. 1931ರಲ್ಲಿ ಜೇಮ್ಸ್ ವೇಲ್ ನಿರ್ದೇಶಿಸಿದ ಹಾಲಿವುಡ್ ಚಿತ್ರದಲ್ಲಿ ಬೋರಿಸ್ ಕಾರ್ಲಾಫ್ ಆ ಪಾತ್ರವನ್ನು ಧರಿಸಿದನು. ಚಪ್ಪಟೆ ತಲೆಯೂ ಕತ್ತಿನ ಮೊಳೆಗಳೂ ಅಂದು ಪ್ರಸಾಧನಕಾರ ಜ್ಯಾಕ್ ಪಿಯರ್ಸ್ ಕಲ್ಪಿಸಿದವು. ಕಾದಂಬರಿಯಲ್ಲಿ ಅವುಗಳ ಸುಳಿವೇ ಇಲ್ಲ. ಕಾರ್ಲಾಫನ ಕಣ್ಣುಗಳಲ್ಲಿ ಅಪಾರವಾದ ನೋವಿತ್ತೆಂಬುದನ್ನು ಒಪ್ಪಲೇಬೇಕು. ಆದರೆ ಆ ಚಿತ್ರವು ಮೂಲದಿಂದ ಒಂದನ್ನು ಕಿತ್ತುಕೊಂಡು ಇನ್ನೊಂದನ್ನು ಸೇರಿಸಿತು. ಕಿತ್ತುಕೊಂಡುದು ಅವನ ಮಾತು: ಮಿಲ್ಟನ್ನನನ್ನು ಓದಿದವನು ತೆರೆಯ ಮೇಲೆ ಕೇವಲ ಗುರುಗುಟ್ಟಿದನು. ಸೇರಿಸಿದುದು ದುಷ್ಟನೊಬ್ಬನ ಮೆದುಳು: ಸಹಾಯಕನು ತಪ್ಪಿ ಅದನ್ನು ಕದ್ದು ತರುತ್ತಾನೆ. ಈ ಒಂದು ಸೀಸೆಯು ಕಥೆಯ ಅರ್ಥವನ್ನೇ ತಲೆಕೆಳಗು ಮಾಡಿತು. ಕೆಡುಕು ಹುಟ್ಟಿನಿಂದಲೇ ಬಂದುದಾದರೆ ದೊಣ್ಣೆಯೆತ್ತಿದವರಿಗೆ, ಕಲ್ಲೆಸೆದವರಿಗೆ, ಬಿಟ್ಟು ಓಡಿದವನಿಗೆ ಯಾವ ಹೊಣೆ? ಎಲ್ಲರೂ ನೆಮ್ಮದಿಯಿಂದ ಮನೆಗೆ ಹೋಗಬಹುದು. ಮೇರಿ ಶೆಲ್ಲಿ ನಮಗೆ ಆ ನೆಮ್ಮದಿಯನ್ನು ಕೊಟ್ಟಿರಲಿಲ್ಲ. 1935ರ ಮುಂದಿನ ಚಿತ್ರದಲ್ಲಿ ಅದೇ ನಿರ್ದೇಶಕನು ಅವನಿಗೆ ಕೆಲವು ಮಾತುಗಳನ್ನೂ, ಪಿಟೀಲು ನುಡಿಸುವ ಕುರುಡು ವೃದ್ಧನೊಬ್ಬನ ಗೆಳೆತನವನ್ನೂ ಮರಳಿಸಿದನೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ಚಿತ್ರಗಳಿಂದ ತುಂಬಿದ ವಾರಪತ್ರಿಕೆಯಲ್ಲಿ ಕಣ್ಣಿನ ಮೇಲೆ ದೂರು ಹೇಳುವುದು ಉಂಡ ಮನೆಗೆ ಎರಡು ಬಗೆದಂತಾಗುವುದೇನೋ! ಆದರೆ ದೂರು ಹೇಳಬೇಕಾದುದು ನನ್ನ ಕಣ್ಣಿನ ಮೇಲೆಯೇ. ನಾನು ಹುಡುಗನಾಗಿದ್ದಾಗ ಮಳೆಗಾಲ ಬಂತೆಂದರೆ ನಮ್ಮ ಬೀದಿಗೆ ಕೊಡೆ ರಿಪೇರಿ ಮಾಡುವವರೊಬ್ಬರು ಬರುತ್ತಿದ್ದರು. ಅವರ ಮುಖದ ಅರ್ಧ ಭಾಗ ಎಂದೋ ಸುಟ್ಟು ಕರಕಾಗಿತ್ತು. ಬೀದಿಯ ಮಕ್ಕಳೆಲ್ಲ ಸೇರಿ ಅವರಿಗೊಂದು ಅಡ್ಡಹೆಸರಿಟ್ಟಿದ್ದೆವು. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ನಮ್ಮಜ್ಜಿ ಮಾತ್ರ ಜಗಲಿಯ ಮೇಲೆ ಕುಳಿತು ಅವರೊಡನೆ ಮಳೆ ಬೆಳೆ, ಮಕ್ಕಳು ಮರಿ ಎಂದು ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಹರಿದಿದ್ದ ನನ್ನ ಪುಟ್ಟ ಕೊಡೆಯನ್ನು ಅವರು ಒಮ್ಮೆ ಕಾಸು ತೆಗೆದುಕೊಳ್ಳದೆ ಹೊಲಿದುಕೊಟ್ಟರು. ಅದನ್ನು ಈಸಿಕೊಳ್ಳಲು ಅಜ್ಜಿ ಎಷ್ಟು ಕರೆದರೂ ನಾನು ಬಾಗಿಲ ಮರೆಯಿಂದ ಹೊರಗೆ ಬರಲಿಲ್ಲ. ಅವರ ನಿಜವಾದ ಹೆಸರೇನೆಂದು ಅಂದು ನಾನು ಕೇಳಲಿಲ್ಲ, ಇಂದು ಹೇಳುವವರಿಲ್ಲ.

ಮೊಮ್ಮಗನಿಗೆ ಸೌದೆಯ ಕಥೆಯನ್ನೂ ಕುರುಡು ಅಜ್ಜನ ಕಥೆಯನ್ನೂ ಹೇಳಿದೆನು. ಕೊಲೆಗಳ ಮಾತನ್ನು ಅವನು ದೊಡ್ಡವನಾಗುವವರೆಗೆ ಇಟ್ಟುಕೊಂಡಿದ್ದೇನೆ. ಮರುದಿನ ಅವನು ಇನ್ನೊಂದು ಚಿತ್ರವನ್ನು ತಂದನು. ಹಿಮ ಸುರಿಯುವ ರಾತ್ರಿ, ಒಂದು ಪುಟ್ಟ ಮನೆ, ಬಾಗಿಲ ಮುಂದೆ ದೊಡ್ಡ ಸೌದೆಯ ಹೊರೆ. ಹೊರೆಯನ್ನಿಳಿಸುತ್ತಿರುವ ಎತ್ತರದ ಆಳು ನಮಗೆ ಬೆನ್ನು ಮಾಡಿ ನಿಂತಿದ್ದಾನೆ.

"ಮುಖ ಬರೆಯಲಿಲ್ಲವೇಕೆ?" ಎಂದೆನು.

"ಮುಖ ಕಂಡರೆ ಮನೆಯವರು ಸೌದೆ ತೆಗೆದುಕೊಳ್ಳೋದಿಲ್ಲವಲ್ಲ, ತಾತ."

ಚಿತ್ರದ ಕೆಳಗೆ ಹೆಸರು ಬರೆಯಲೆಂದು ಗೆರೆಯೊಂದನ್ನು ಎಳೆದಿದ್ದನು. ಅದರ ಮೇಲೆ ಏನನ್ನೂ ಬರೆದಿರಲಿಲ್ಲ.